ಸಾಹೇಬರ ಚೆಂಡು ಕಸಿದ ಮೇಲೆ

ನಿಜಾಮನ ಕಾಲದಲ್ಲಿ ನಾನು ಕುಷ್ಟಗಿ ಕಚೇರಿಯ ಹಂಗಾಮಿ ಗುಮಾಸ್ತ. ನೌಕರಿ ಕಾಯಂ ಆಗುವ ತನಕ ಮಗಳನ್ನು ಕಳಿಸುವುದಿಲ್ಲವೆಂದು ಯಲಬುರ್ಗಾದ ಮಾವ ಪಟ್ಟು ಹಿಡಿದಿದ್ದ. ಮದುವೆಯಾಗಿ ಎರಡು ವರ್ಷವಾದರೂ ನಾನು ಖಾನಾವಳಿಯ ರೊಟ್ಟಿ ತಿನ್ನುತ್ತಿದ್ದೆ. ಕಾಯಂ ಮಾಡುವ ಹುಕುಂ ತಹಶೀಲ್ದಾರ ಸಾಹೇಬರ ಕೈಯಲ್ಲಿತ್ತು.

ಸಾಹೇಬರಿಗೆ ಹಾಕಿಯ ಹುಚ್ಚು. ಸಂಜೆ ಕಚೇರಿ ಹಿಂದಿನ ಬಯಲಿನಲ್ಲಿ ಎರಡು ಪಂಗಡವಾಗಿ ಆಡುತ್ತಿದ್ದೆವು. ಅವರು ಚೆಂಡು ತಂದರೆ ಅಡ್ಡ ಹೋದಂತೆ ಮಾಡಿ ಕಾಲು ಜಾರಿ ಬೀಳುವುದು ನಮ್ಮ ಕಚೇರಿಯ ರೂಢಿ. ಹಿರಿಯ ಗುಮಾಸ್ತರು ಎಷ್ಟು ಹದವಾಗಿ ಜಾರುತ್ತಿದ್ದರೆಂದರೆ ಧೋತರಕ್ಕೆ ಮಣ್ಣು ಸಹ ಹತ್ತುತ್ತಿರಲಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಗಂಗಾವತಿ ಸಾಲಿಯಲ್ಲಿ ನಾನು ಕಲಿತದ್ದೇ ಬೇರೆ: ಎದುರಿನವನ ಮುಖ ನೋಡಬೇಡ, ಕಾಲು ನೋಡಬೇಡ, ಚೆಂಡು ನೋಡು. ಅದು ಅವನ ಕೋಲಿನಿಂದ ಒಂದು ಗೇಣು ದೂರ ಸರಿದಾಗ ಕಸಿ.

ಒಂದು ಸಂಜೆ ಸಾಹೇಬರು ಮೊದಲ ಸಲ ನನ್ನ ಕಡೆಗೆ ಬಂದರು. ಜಾರಬೇಕೆಂದು ಗಟ್ಟಿ ಮಾಡಿಕೊಂಡೇ ನಿಂತಿದ್ದೆ. ಆದರೆ ಕಣ್ಣು ಚೆಂಡಿನ ಮೇಲಿತ್ತು. ಅದು ಒಂದು ಗೇಣು ಸರಿಯಿತು. ಟಕ್ ಎಂದು ಕಸಿದುಕೊಂಡುಬಿಟ್ಟೆ. ತಲೆ ಎತ್ತಿದರೆ ಬಯಲಿನಲ್ಲಿ ಯಾರೂ ಓಡುತ್ತಿರಲಿಲ್ಲ. ಎರಡೂ ಪಂಗಡದವರು ನನ್ನನ್ನೇ ನೋಡುತ್ತ ನಿಂತಿದ್ದರು. ಸಾಹೇಬರು ಕೋಲು ಹೆಗಲಿಗೇರಿಸಿಕೊಂಡು ಬಂಗಲೆಗೆ ಹೋದರು.

"ನಿನ್ನ ಹೇಂತಿ ಇನ್ನ ಯಲಬುರ್ಗಾದಾಗ ಮುದುಕಿ ಆಗ್ತಾಳ ನೋಡಪಾ" ಎಂದರು ಹಿರಿಯ ಗುಮಾಸ್ತರು. ಯಾರೂ ನಗಲಿಲ್ಲ.

ಮರುದಿನ ಬೆಳಿಗ್ಗೆ ಜವಾನ ಬಂದು ಕರೆದ. ಒಳಗೆ ಹೋದೆ. ಕೈ ಕಟ್ಟಿ ಮೇಜಿನ ಮುಂದೆ ನಿಂತೆ. ಸಾಹೇಬರು ಬಾಗಿಲು ಮುಚ್ಚಿ, ರೇಖೆ ಎಳೆಯುವ ರೂಲುಕಟ್ಟಿಗೆ ಒಂದನ್ನು ನನಗೆ ಕೊಟ್ಟು, ಒಂದನ್ನು ತಾವು ಹಿಡಿದುಕೊಂಡರು. ನೆಲದ ಮೇಲೆ ಒಂದು ಲಿಂಬಿಹಣ್ಣು ಇಟ್ಟರು.

"ನಿನ್ನೆ ಹೆಂಗ ಕಸ್ಕೊಂಡಿ, ತೋರ್ಸು. ನನ್ನ ಕೈಯಾಗಿಂದ ಯಾರೂ ಕಸ್ಕೊಂಡಿದ್ದಿಲ್ಲ."

ಬೊಜ್ಜು ಹೊಟ್ಟೆಯನ್ನು ಬಗ್ಗಿಸಿ, ಹಣ್ಣು ತಳ್ಳುತ್ತ ನನ್ನ ಕಡೆ ಬಂದರು. ಆಗ ನಾನು ಮಾಡಬಾರದ್ದನ್ನು ಮಾಡಿದೆ. ಅವರ ಮುಖ ನೋಡಿದೆ. ಆ ಮುಖದಲ್ಲಿ ನನಗೆ ಕಂಡದ್ದು ಹುಕುಂ ಒಂದೇ. ಹಣ್ಣು ಒಂದು ಗೇಣು ಸರಿಯಿತು, ನನ್ನ ಕೈಗೆ ಅದು ಗೊತ್ತಾಯಿತು, ಆದರೂ ಕೈ ಅಲುಗಲಿಲ್ಲ. ಅದು ನನ್ನ ಕಾಲ ಸಂದಿಯಿಂದ ಹಾದು ಬಾಗಿಲಿಗೆ ಬಡಿಯಿತು.

"ವಾಹ್ ಸಾಹೇಬ" ಎಂದೆ. ಇವತ್ತಿಗೂ ಆ ಎರಡು ಶಬ್ದ ನೆನೆದರೆ ನಾಚಿಕೆಯಾಗುತ್ತದೆ.

ಸಾಹೇಬರು ರೂಲುಕಟ್ಟಿಗೆ ಮೇಜಿನ ಮೇಲೆ ಇಟ್ಟರು. ದನಿ ಏರಿಸಲಿಲ್ಲ. "ನೀನೂ ಅವರಂಗ ಆದಿ ಬಿಡು" ಎಂದು, ಮಡಿಚಿದ ಕಾಗದವೊಂದನ್ನು ನನ್ನ ಕಡೆ ಸರಿಸಿ, ಬೇರೆ ಕಡತ ಬಿಚ್ಚಿಕೊಂಡರು. ಆಮೇಲೆ ಅವರು ಆ ಬಯಲಿಗೆ ಆಡಲು ಬರಲಿಲ್ಲ.

ಹೊರಗೆ ಬಂದು ಕಾಗದ ಬಿಚ್ಚಿದೆ. ನನ್ನನ್ನು ಕಾಯಂ ಮಾಡಿದ ಹುಕುಂ. ಸಹಿಯ ಕೆಳಗಿನ ತಾರೀಖು ನೋಡಿದೆ. ಅದು ನಾನು ಅವರ ಚೆಂಡು ಕಸಿದದ್ದಕ್ಕೂ ಒಂದು ದಿನ ಮೊದಲಿನದಾಗಿತ್ತು.