ಮಂಚದಿಂದ ಇಳಿಸಿದ ಮೇಲೆ

ಮದುವೆಯಾಗಿ ಆದೋನಿಗೆ ಬಂದ ವಾರದಲ್ಲೇ ನನ್ನ ಅತ್ತೆಯ ಉಸಿರು ನಿಲ್ಲುವುದನ್ನು ಕೇಳಿದೆ. ಅತ್ತೆ ಎಂದರೆ ನನ್ನ ಗಂಡನ ತಾಯಿ. ನಿಲ್ಲುವುದನ್ನು ಕೇಳುವುದು ಹೇಗೆ ಅನ್ನಬೇಡಿ, ಗೊರಕೆಯವರ ಮನೆಯಲ್ಲಿ ಅದೇನು ಕಷ್ಟವಲ್ಲ. ಚಿಪ್ಪಗಿರಿಯ ನನ್ನ ತವರಿನಲ್ಲಿ ಅಜ್ಜ, ಚಿಕ್ಕಪ್ಪ ಎಲ್ಲರೂ ಗೊರಕೆ ಹೊಡೆಯುವವರೇ. ಅದು ಬಂಡಿ ಹೋದ ಹಾಗೆ ಒಂದೇ ಸಮನೆ ಹೋಗುತ್ತಿತ್ತು, ನಮಗೆ ಅದನ್ನು ಕೇಳುತ್ತಲೇ ನಿದ್ದೆ. ಅತ್ತೆಯದು ಹಾಗಲ್ಲ. ಏರುತ್ತಾ ಏರುತ್ತಾ ಹೋಗಿ, ಮಾತಾಡುವವರ ಬಾಯಿಗೆ ಯಾರೋ ಕೈ ಅಡ್ಡ ಇಟ್ಟಂತೆ ನಿಂತುಬಿಡುತ್ತಿತ್ತು. ಆಮೇಲೆ ಏನೂ ಇಲ್ಲ. ಪಕ್ಕದ ಮನೆಯ ಎಮ್ಮೆ ಮೆಲುಕು ಹಾಕುವುದು ಕೇಳಿಸುವಷ್ಟು ಏನೂ ಇಲ್ಲ. ನಾನೂ ಉಸಿರು ಹಿಡಿದು ಕಾಯುತ್ತಿದ್ದೆ. ತಡೆಯಲಾರದೆ ನಾನು ಬಾಯಿ ಬಿಟ್ಟ ಮೇಲೂ ಆಕೆಯದು ಬರುತ್ತಿರಲಿಲ್ಲ. ಕೊನೆಗೆ ಬಾವಿಗೆ ಬಿದ್ದವರನ್ನು ಜುಟ್ಟು ಹಿಡಿದು ಮೇಲಕ್ಕೆಳೆದಂತೆ ಒಂದು ಸದ್ದು. ಮೈಯೆಲ್ಲ ಅದುರಿ, ಮತ್ತೆ ಗೊರಕೆ.

ನಮ್ಮವರಿಗೆ ಹೇಳಿದೆ. "ಅದು ನಾ ಸಣ್ಣಾವ ಇದ್ದಾಗಿಂದ ಹಂಗೇ ಐತಿ," ಅಂದರು. "ನಿನಗ ಹೊಸಾದು. ರೂಢಿ ಆಗತೈತಿ."

ರೂಢಿ ಆಗಲಿಲ್ಲ.

ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಕೂಲಿ ಮಾಡಿ ಮಗನನ್ನು ಸಾಕಿದವಳು. ಯಂತ್ರದ ಬಾಯಿಗೆ ಹತ್ತಿ ತುಂಬುವ ಕೆಲಸ. ಜಿನ್ನಿನಿಂದ ಬರುವಾಗ ಹೆಂಗಸರ ಹುಬ್ಬು, ರೆಪ್ಪೆಯೆಲ್ಲ ಬೆಳ್ಳಗಾಗಿ ಎಲ್ಲರೂ ಒಂದೇ ದಿನದಲ್ಲಿ ಮುದುಕಿಯರಾದಂತೆ ಕಾಣುತ್ತಿದ್ದರಂತೆ. ಆ ದೂಳು ಆಕೆಯ ಎದೆಯಲ್ಲೇ ಉಳಿದುಬಿಟ್ಟಿತ್ತು. ವಾರದ ರಜೆ ಕಳೆದು ಕೆಲಸಕ್ಕೆ ಹೋದ ದಿನ ಎದೆ ಹೆಚ್ಚು ಬಿಗಿಯುತ್ತಿತ್ತಂತೆ. "ರಜಾನೇ ನನಗ ಆಗಿ ಬರಲಿಲ್ಲ ನೋಡು," ಎಂದು ನಗುತ್ತಿದ್ದಳು. ನಕ್ಕರೆ ಕೆಮ್ಮು, ಕೆಮ್ಮಿದರೆ ದಮ್ಮು. ನಾನು ಬರುವ ಹೊತ್ತಿಗೆ ಜಿನ್ನು ಬಿಟ್ಟು ಮನೆಯಲ್ಲಿದ್ದಳು, ಮೈ ಬಂದಿತ್ತು, ಕುತ್ತಿಗೆ ದಪ್ಪವಾಗಿತ್ತು. ಹಗಲೆಲ್ಲ ತೂಕಡಿಕೆ. ಜೋಳ ಹಸನು ಮಾಡುತ್ತ ಮೊರದ ಮೇಲೇ ತಲೆ ವಾಲುತ್ತಿತ್ತು. ಸರ್ಕಾರಿ ದವಾಖಾನೆಯ ಡಾಕ್ಟರು ಎದೆ ನೋಡಿ ಔಷಧದ ಬಾಟಲಿ ಕೊಟ್ಟರು. ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆಂದು ಅವರಿಗೆ ಹೇಳಬೇಕೆಂದು ನಮಗ್ಯಾರಿಗೂ ತೋಚಲಿಲ್ಲ. ಈಗ ಅದಕ್ಕೆ ಸ್ಲೀಪ್ ಆಪ್ನಿಯಾ ಎಂಬ ಹೆಸರಿದೆ, ಮೂಗಿಗೆ ಕಟ್ಟಿಕೊಳ್ಳುವ ಯಂತ್ರವಿದೆ. ಆಗ ನಿದ್ದೆಯೂ ಒಂದು ರೋಗ ಅಂದಿದ್ದರೆ ಓಣಿಯೆಲ್ಲ ನಗುತ್ತಿತ್ತು.

ಆದೋನಿ ಬಳ್ಳಾರಿ ಜಿಲ್ಲೆ ಬಿಟ್ಟು ಕರ್ನೂಲಿಗೆ ಸೇರಿದ ಮರುವರ್ಷದ ಬೇಸಿಗೆ. ಹಾಲಹರವಿಯಿಂದ ನನ್ನ ಮಾವನ ಅಕ್ಕ ಬಂದಿದ್ದಳು. ಅವಳನ್ನು ನಾವು ದೊಡ್ಡತ್ತೆ ಅನ್ನುತ್ತಿದ್ದೆವು. ಆ ಮನೆತನದಲ್ಲಿ ಸಾಯುವ ಹೊತ್ತಿಗೆ ಸರಿಯಾಗಿ ಬಾಯಿಗೆ ನೀರು ಬಿಡುವುದೆಂದರೆ ಅವಳೇ. ನಮ್ಮ ಕಡೆ ಜೀವ ಮಂಚದ ಮೇಲೆ ಹೋಗಬಾರದು. ಹೋದರೆ ಸತ್ತವರು ಆ ಮಂಚವನ್ನು ಹೊತ್ತುಕೊಂಡೇ ತಿರುಗಬೇಕೆಂದು ನಂಬಿಕೆ. ಅದಕ್ಕೇ ಕೊನೆಯುಸಿರಿಗೆ ಮುಂಚೆ ಕೆಳಗಿಳಿಸಿ ನೆಲದ ಮೇಲೆ ಮಲಗಿಸುತ್ತಾರೆ.

ಅಂದು ಮಧ್ಯಾಹ್ನ ಊಟವಾಗಿ ಅತ್ತೆ ಪಡಸಾಲೆಯ ನುಲಿಮಂಚದ ಮೇಲೆ ಅಂಗಾತ ಮಲಗಿದ್ದಳು. ದೊಡ್ಡತ್ತೆ ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ದೊಡ್ಡತ್ತೆಯ ಕೂಗು ಕೇಳಿ ನಾನು ಬೂದಿ ಕೈಯಲ್ಲಿ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಮ್ಮವರೂ ಪಕ್ಕದ ಮನೆಯ ತೆಲುಗು ಅಮ್ಮನೂ ಸೇರಿ ಅತ್ತೆಯನ್ನು ಕೆಳಗಿಳಿಸಿದ್ದರು. ತಲೆದಿಂಬಿಲ್ಲದೆ ನೆಲದ ಬಂಡೆಯ ಮೇಲೆ ಮಲಗಿಸಿದ್ದರು. ತಲೆಯ ಹತ್ತಿರ ದೀಪ ಹಚ್ಚಿಯಾಗಿತ್ತು. ದೊಡ್ಡತ್ತೆ ಚಮಚದಲ್ಲಿ ಬಾಯಿಗೆ ನೀರು ಬಿಡುತ್ತಿದ್ದಳು.

"ಆಕಿಗೆ ಏನೂ ಆಗಿಲ್ಲರಿ, ಹಂಗ ನಿಲ್ಲತೈತಿ," ಅಂದೆ. ಹೊಸ ಸೊಸೆಯ ಮಾತನ್ನು ಕೇಳುವವರು ಯಾರು? ರೂಢಿಯಾಗಿದ್ದ ನಮ್ಮವರೂ ದೊಡ್ಡತ್ತೆಯ ಕೂಗಿಗೆ ಅದನ್ನು ಮರೆತುಬಿಟ್ಟಿದ್ದರು.

ನೀರು ಗಂಟಲಿಗೆ ಸಿಕ್ಕಿತು. ಅತ್ತೆ ಕಣ್ಣು ಕಿಸಿದು, ಜೋರಾಗಿ ಕೆಮ್ಮಿ, ದೊಡ್ಡತ್ತೆಯ ಮುಖದ ಮೇಲೆಲ್ಲ ಉಗುಳಿ ಎದ್ದು ಕೂತಳು. ದಮ್ಮು ಇಳಿಯಲು ಹೊತ್ತು ಹಿಡಿಯಿತು. ದೀಪ ನೋಡಿದಳು. ಸುತ್ತ ನಿಂತವರನ್ನು ನೋಡಿದಳು.

"ಯಾರು ಹೋದ್ರು?" ಅಂದಳು.

ತಾನು ಕೂತ ಜಾಗವನ್ನು ನೋಡಿಕೊಂಡಳು, ಖಾಲಿ ಮಂಚವನ್ನು ನೋಡಿದಳು. ಆಕೆಗೆ ತಿಳಿದದ್ದು ಆಗ. ದೊಡ್ಡತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ನಿನ್ನ ತವರಿಗೆ ಆಳು ಕಳಿಸಾಕ ನಿಂತಿದ್ದೆ ಹೆಣ್ಣೇ. ಒಂದು ಕೆಲಸ ಉಳಿಸಿದಿ," ಅಂದಳು. ತೆಲುಗು ಅಮ್ಮ, "ಯಮುಡು ಕೂಡಾ ಈಮೆ ಗುರಕಕಿ ಭಯಪಡ್ಡಾಡು," ಅಂದಳು. ಯಮನೂ ಈಕೆಯ ಗೊರಕೆಗೆ ಹೆದರಿದ ಎಂಬ ಮಾತಿಗೆ ಎಲ್ಲರೂ ನಕ್ಕರು. ನಮ್ಮವರು ನಗುತ್ತ ನಗುತ್ತಲೇ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಅತ್ತೆ ನಗಲಿಲ್ಲ.

ಆವತ್ತಿನಿಂದ ಆಕೆ ಮಲಗುವುದನ್ನು ಬಿಟ್ಟಳು. ಗೋಡೆಗೆ ಒರಗಿ, ಕಾಲು ಚಾಚಿ ಕೂತಿರುತ್ತಿದ್ದಳು. ತಲೆ ವಾಲಿದರೆ ತಾನೇ ತೊಡೆಯನ್ನು ಚಿವುಟಿಕೊಳ್ಳುತ್ತಿದ್ದಳು. ಒಲೆಯ ಮುಂದೆ ತೂಕಡಿಸಿ ಒಮ್ಮೆ ಸೆರಗು ಸುಟ್ಟುಕೊಂಡಳು. ಓಣಿಯ ಹೆಂಗಸರು ನೆಪ ಮಾಡಿಕೊಂಡು ಬಂದು, ಅಲ್ಲಿ ಏನು ಕಂಡಿತು, ಯಾರು ಸಿಕ್ಕರು ಎಂದು ಕೇಳುತ್ತಿದ್ದರು. ಇನ್ನು ಕೆಲವರು ಬರುವುದನ್ನೇ ನಿಲ್ಲಿಸಿದರು. ಆಕೆಯ ಕೈಯಿಂದ ಮಜ್ಜಿಗೆ ಇಸಕೊಳ್ಳಲು ಹಿಂಜರಿದರು. ಹಿಂದಿನಿಂದ ಆಕೆಯನ್ನು 'ಇಳಿಸಿದಾಕಿ' ಅನ್ನುತ್ತಿದ್ದರು. ಒಂದು ಸಲ ನೆಲಕ್ಕೆ ಇಳಿಸಿ ದೀಪ ಹಚ್ಚಿದ ಮೇಲೆ ಎದ್ದು ಓಡಾಡುವವರು ಯಾವ ಲೆಕ್ಕಕ್ಕೆ ಸೇರಿದವರು? ನನಗೂ ಸಂಜೆ ಹೊತ್ತು ನಡುಮನೆಯಲ್ಲಿ ಆಕೆ ಸದ್ದಿಲ್ಲದೆ ಕೂತಿರುವುದನ್ನು ನೋಡಿದರೆ ಒಳಗೆ ಕಾಲಿಡದೆ ಹೊಸ್ತಿಲಲ್ಲೇ ನಿಲ್ಲುತ್ತಿದ್ದೆ. ಗೊರಕೆಯಾದರೂ ಬರಲಿ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಇಬ್ಬರೂ ಜೋಳದಲ್ಲಿ ಕಲ್ಲು ಆರಿಸುತ್ತಿದ್ದೆವು. ಆಕೆಯೇ ಮಾತು ತೆಗೆದಳು.

"ನಾ ಸಾಯಾಕ ಹೆದರಲ್ಲ ತಂಗಿ. ಸಾಯಲಾರದೇ ಹೋಗಾಕ ಹೆದರ್ತೀನಿ."

"ಅಂಥಾ ಮಾತು ಯಾಕ ಅತ್ತಿ?"

"ಮತ್ತ? ಅವತ್ತು ನೀರು ಗಂಟಲಕ್ಕ ಸಿಗಲಿಲ್ಲ ಅಂದ್ರ ಇವರು ನನ್ನ ಒಯ್ತಿದ್ರೋ ಇಲ್ಲೋ ಹೇಳು. ಕುಣ್ಯಾಗ ಇಟ್ಟು, ಬಾಯಿ ತುಂಬಾ ಮಣ್ಣು ಬಿದ್ದ ಮ್ಯಾಲೆ ಉಸರು ವಾಪಸ್ ಬಂದ್ರ ನಾ ಏನು ಮಾಡ್ಲಿ? ಹತ್ತಿ ದೂಳೇ ತಡಕಳ್ಳಾಕ ಆಗಲಿಲ್ಲ ನನಗ."

ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು.

"ನೀ ಹೇಳೂ ತನಕ ನನ್ನ ಇಳಿಸಬಾರದು," ಅಂದಳು. "ನೀ ಕಾಯಬೇಕು. ಮೊದಲಿಂದ್ಲೂ ಕಾಯ್ತೀ ನೀನು, ನನಗ ಗೊತ್ತೈತಿ. ಎಚ್ಚರಾದಾಗೆಲ್ಲ ನಿನ್ನ ಕಣ್ಣು ತೆರದಿರ್ತಾವ."

"ಅಷ್ಟರಾಗ ಮಂಚದ ಮ್ಯಾಲೇ ಜೀವ ಹೋತಂದ್ರ? ಹೊತ್ಕೊಂಡು ತಿರುಗಬೇಕಂತಾರಲ್ಲ."

"ತಿರುಗ್ತೀನಿ ತಗಾ. ಜಿನ್ನಿನ್ಯಾಗ ಅಂಡಿಗಿ ಅಂಡಿಗಿ ಹತ್ತಿ ಹೊತ್ತಾಕಿಗೆ ಒಂದು ನುಲಿಮಂಚ ಭಾರೇನು?"

ಆಗಲಿ ಅಂದೆ. ಮಾತು ತಗೊಂಡ ದಿನವೇ, ಬಿಸಿಲು ಏರುವ ಮುಂಚೆ, ಆಕೆ ಮಂಚದ ಮೇಲೆ ಉರುಳಿ ಗೊರಕೆ ಹೊಡೆಯತೊಡಗಿದಳು. ಓಣಿಯವರಿಗೆಲ್ಲ ಕೇಳುವ ಗೊರಕೆ. ಸಂಜೆಯವರೆಗೆ ಏಳಲಿಲ್ಲ.

ಆಕೆಯ ನಿದ್ದೆ ಆಮೇಲೆ ನನ್ನ ಕೆಲಸವಾಯಿತು. ಮಗ್ಗುಲಾಗಿ ಮಲಗಿದರೆ ಉಸಿರು ಅಷ್ಟು ನಿಲ್ಲುವುದಿಲ್ಲ ಎಂದು ನೋಡುತ್ತ ನೋಡುತ್ತ ತಿಳಿಯಿತು. ಕೌದಿ ಸುತ್ತಿ ಬೆನ್ನಿಗೆ ಒತ್ತಾಗಿ ಇಡುತ್ತಿದ್ದೆ. ನನಗೆ ಮಕ್ಕಳಾದವು. ಮಗುವಿಗೆ ಹಾಲು ಕುಡಿಸುವಾಗಲೂ ಒಂದು ಕಿವಿ ಮಂಚದ ಕಡೆಗೇ. ತವರಿಗೆ ಹೋದರೂ ಎರಡನೇ ದಿನಕ್ಕೆ ವಾಪಸು.

ಹಾಗೇ ಒಂದಷ್ಟು ವರ್ಷ ಕಳೆದವು. ಜಿನ್ನುಗಳು ಹಗಲೂ ರಾತ್ರಿ ನಡೆಯುವ ಹತ್ತಿಯ ಕಾಲ. ಅತ್ತೆ ಬೆಳಿಗ್ಗೆ ಬಿಸಿ ರೊಟ್ಟಿ ತಿಂದು, ಖಾರ ಕಡಿಮೆ ಎಂದು ನನ್ನನ್ನು ಬೈದು ಮಲಗಿದಳು. ಗೊರಕೆ ಏರಿತು. ನಿಂತಿತು. ನಾನು ಕೈಯಲ್ಲಿದ್ದದ್ದನ್ನು ಬಿಟ್ಟು ಮಂಚದ ಅಂಚಿಗೆ ಕೂತು, ಆಕೆಯ ಎದೆಯ ಮೇಲೆ ಅಂಗೈ ಇಟ್ಟೆ.

ಬರಲಿಲ್ಲ.

ಯಾರೋ ಮಾರುಕಟ್ಟೆಯಿಂದ ನಮ್ಮವರನ್ನು ಕರೆತಂದರು. ಅವರು ಬಂದು ಮಂಚದ ಕಾಲು ಹಿಡಿದು ನಿಂತರು. "ಅವ್ವ ಹೋದ್ಲು ಅನ್ನಸತೈತಿ," ಅಂದರು. ತಡೀರಿ ಅಂದೆ. ತೆಲುಗು ಅಮ್ಮ ಅಳುತ್ತ, "ಇಳಿಸ್ರಿ ತಾಯಿ, ಪಾಪ ಬರತೈತಿ," ಅಂದಳು. ತಡೀರಿ ಅಂದೆ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು, ತಿರುಗಿ ಹೊರಗೆ ಹೋಯಿತು. ನನ್ನ ಅಂಗೈ ಬೆಚ್ಚಗಿತ್ತು, ಅದರ ಕೆಳಗಿನ ಎದೆ ಬೆಚ್ಚಗಿರಲಿಲ್ಲ. ಸುತ್ತ ಇದ್ದವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕಾಯುತ್ತೇನೆ ಎಂದು ಮಾತು ಕೊಟ್ಟಾಗ, ಸಾಕು ಎನ್ನುವುದೂ ನನ್ನ ಪಾಲಿಗೇ ಬರುತ್ತದೆಂದು ನನಗೆ ಹೊಳೆದಿರಲಿಲ್ಲ. ಇನ್ನೊಂದು ಗಳಿಗೆ ತಡೆದರೆ ಬರಬಹುದೇನೋ. ಆ ಇನ್ನೊಂದು ಗಳಿಗೆ ಮುಗಿಯುತ್ತಲೇ ಇರಲಿಲ್ಲ. ಆಕೆಯ ಬೆರಳುಗಳು ಸೆಟೆದು, ಬಿಡಿಸಿದರೂ ಬಿಡದಾದಾಗ ನಾನೇ ಹೇಳಿದೆ, ಇಳಿಸಿರಿ ಎಂದು. ಮಂಚವನ್ನು ಆ ದಿನವೇ ಊರ ಹೊರಗೆ ಬಿಟ್ಟು ಬಂದರು.

ನಮ್ಮಲ್ಲಿ ಹೆಂಗಸರು ಕುಣಿಯ ತನಕ ಹೋಗುವಂತಿಲ್ಲ. ಹೊತ್ತು ಹೊರಡುವಾಗ ನಮ್ಮವರ ತೋಳು ಹಿಡಿದು, "ಮುಖಕ್ಕ ಕೊನೀಗೆ ಹಾಕ್ರಿ ಮಣ್ಣು. ನೋಡ್ಕೊಂಡು ಹಾಕ್ರಿ," ಅಂದೆ. ತಲೆಯಾಡಿಸಿದರು.

ಕತ್ತಲಾಗುವ ಹೊತ್ತಿಗೆ ತಿರುಗಿ ಬಂದು ಬಾಗಿಲ ಹೊರಗೇ ನಿಂತರು. ನಾನು ಕೊಡದಿಂದ ಅವರ ಕಾಲಿಗೆ ನೀರು ಹಾಕಿದೆ.

"ಕೊನೀಗೇ ಹಾಕಿದಿವಿ," ಅಂದರು. "ಬಹಳ ಹೊತ್ತು ನಿಂತು ಆಮ್ಯಾಲೆ ಹಾಕಿದಿವಿ."

"ಏನೂ ಕೇಳಿಸಲಿಲ್ಲಾ?"

ಅವರು ಬಗ್ಗಿ ಹಿಮ್ಮಡಿಯ ಮಣ್ಣು ತಿಕ್ಕಿ ತಿಕ್ಕಿ ತೊಳೆದುಕೊಂಡರು. ನಮ್ಮ ಜನದ ಕುಣಿಗಳಿರುವ ಜಾಗ ಒಂದು ಜಿನ್ನಿನ ಗೋಡೆಗೆ ಅಂಟಿಕೊಂಡೇ ಇದೆ.

"ಜಿನ್ನು ನಡದಿತ್ತಲ್ಲ," ಅಂದರು. "ಆ ಸದ್ದಿನ್ಯಾಗ ಏನು ಕೇಳಸತೈತಿ?"