ಗಂಜಿ ಹಚ್ಚಿದ ಲಕೋಟೆ

ರೇಷನ್ ಕಾರ್ಡಿನ ಹಳೆಯ ಪ್ರತಿ ಹುಡುಕಲು ಮೊನ್ನೆ ಟ್ರಂಕು ತೆಗೆದೆ. ಕಾರ್ಡು ಸಿಗಲಿಲ್ಲ. ಸಿಕ್ಕಿದ್ದು ಒಂದು ಖಾಲಿ ಲಕೋಟೆ. ಹಳೆಯ ತಮಿಳು ಕ್ಯಾಲೆಂಡರಿನ ಹಾಳೆಯನ್ನು ಒಳಮಗ್ಗುಲು ಹೊರಗೆ ಮಾಡಿ ಮಡಚಿ, ಮೂರು ಕಡೆ ಅಂಟಿಸಿದ್ದು. ಅಂಟಿಸಿದ ಅಂಚನ್ನೆಲ್ಲ ಹುಳ ತಿಂದು ಜರಡಿ ಮಾಡಿತ್ತು. ಅಂಗಡಿಯ ಗೋಂದಾಗಿದ್ದರೆ ಹುಳ ಇಷ್ಟು ಆಸೆಪಡುತ್ತಿರಲಿಲ್ಲವೇನೋ. ಅದು ಅಕ್ಕಿ ಗಂಜಿ, ಮಗ್ಗದ ನೂಲಿಗೆ ಹಚ್ಚುವ ಗಂಜಿ. ಮೂಗಿನ ಹತ್ತಿರ ಹಿಡಿದೆ. ವಾಸನೆ ನಿಜವಾಗಿ ಇತ್ತೋ, ನಾನೇ ಕಲ್ಪಿಸಿಕೊಂಡೆನೋ… ಬೆಳಗಿನ ಬೀದಿಯ ಆ ಹುಳಿವಾಸನೆ. ಮಂಡಿನೋವಿನವಳು ನೆಲದ ಮೇಲೆ ಕೂತರೆ ಏಳುವುದು ಕಷ್ಟ ಎಂದು ಗೊತ್ತಿದ್ದೂ ಅಲ್ಲೇ ಕೂತುಬಿಟ್ಟೆ.

ಆ ಲಕೋಟೆ ಮಾಡಿಕೊಟ್ಟವರು ಎದುರುಮನೆಯ ಪಾವು ಮಾವ. ಕಾಂಗೇಯಂನಿಂದ ಸ್ವಲ್ಪ ದೂರದ ನಮ್ಮೂರಿನಲ್ಲಿ ಮೂರು ಬೀದಿ ನೇಕಾರರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಹಾಸುನೂಲಿಗೆ ನಾವು ಪಾವು ಅನ್ನುತ್ತೇವೆ. ಬೀದಿಯವರ ಪಾವುಗಳನ್ನೆಲ್ಲ ಬೆಳಗಾಗುತ್ತಲೇ ಬಯಲಿನಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚಿ, ಬಿಸಿಲೇರುವ ಮೊದಲು ಒಣಗಿಸಿ ಸುತ್ತಿಕೊಡುವುದು ಮಾವನ ಕೆಲಸ. ಅದಕ್ಕೇ ಆ ಹೆಸರು. ಅವರಿಗೆ ಯಾವ ಲಿಪಿಯೂ ಬಾರದು. ನನಗೂ ಆಗ ತಮಿಳು ಮಾತ್ರ ಬರೆಯಲು ಬರುತ್ತಿತ್ತು. ಈ ಕನ್ನಡ ಅಕ್ಷರಗಳನ್ನು ಕಲಿತದ್ದು ಎಷ್ಟೋ ವರ್ಷದ ಮೇಲೆ, ತಿರುಪ್ಪೂರಿನ ಬನಿಯನ್ ಕಂಪನಿಯ ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಮೈಸೂರು ಕಡೆಯ ಹೆಂಗಸಿನಿಂದ.

ಪಾವು ಹಾಸುವ ಬಯಲಿಗೆ ಒತ್ತಿಕೊಂಡು ಯಾರದೋ ಪಟ್ಟಾ ಜಮೀನಿತ್ತು. ಸುತ್ತ ಮುಳ್ಳುಗಿಡದ ಹಸಿರು ಬೇಲಿ ಬೆಳೆಸಿ, ಒಳಗೆ ಕಾಂಗೇಯಂ ದನ ಮೇಯಲು ಬಿಟ್ಟ ಹುಲ್ಲುಗಾವಲು. ಬೇಲಿ ತುಂಬಾ ಹಳೆಯದು, ಒಂದಾಳು ಎತ್ತರ. ಅದರ ಬುಡದಲ್ಲಿ ಒಂದು ಬಿಲ. ಒಂದು ದಿನ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ಮಾವ ನಮ್ಮ ಬಾಗಿಲು ತಟ್ಟಿ, “ಬಾ ಕಣ್ಣು. ಸದ್ದ್ ಮಾಡ್ಬೇಡ, ಚೆಪ್ಲಿ ಇಲ್ಲೇ ಬುಡು” ಅಂದರು. ಕಣ್ಣು ಅನ್ನುವುದು ಅವರ ಮುದ್ದಿನ ಕರೆ. ಹಿಂದೆಯೇ ಹೋದೆ. ಗಂಜಿಯ ಹಂಡೆಯ ಮರೆಯಲ್ಲಿ ಕೂರಿಸಿದರು.

ಅದು ಬಂತು. ತಲೆಯಿಂದ ಬಾಲದವರೆಗೆ ಚಿಪ್ಪು, ನೆಲ ಮೂಸುತ್ತ ನಿಧಾನವಾಗಿ ನಡೆದು ಬಂತು. ಬಾಲದ ಬುಡದ ಮೇಲೆ ಒಂದು ಮರಿ ಕವುಚಿ ಹಿಡಿದುಕೊಂಡಿತ್ತು. ನನಗೆ ಕೆಮ್ಮು ಬಂದುಬಿಟ್ಟಿತು, ಇಷ್ಟು ವರ್ಷದ ಮೇಲೂ ಆ ಕೆಮ್ಮಿಗೆ ನಾಚಿಕೆಯಾಗುತ್ತದೆ. ತಾಯಿ ಮರಿಯನ್ನು ಹೊಟ್ಟೆಯೊಳಗೆ ಸೇರಿಸಿಕೊಂಡು ದೊಡ್ಡ ನೂಲುಂಡೆಯ ಹಾಗೆ ಸುತ್ತಿಕೊಂಡಿತು. ನಾವು ಮಿಸುಕಲಿಲ್ಲ. ಬಹಳ ಹೊತ್ತಾದ ಮೇಲೆ ಬಿಚ್ಚಿಕೊಂಡು ಬಿಲದೊಳಗೆ ಹೋಯಿತು. ಮಾವನ ಪಾವು ಆ ದಿನ ತಡವಾಯಿತು, ಬೀದಿಯವರೆಲ್ಲ ಬೈದರು.

ಬೈಸಿಕೊಳ್ಳುವುದು ಅವರಿಗೆ ಹೊಸದಲ್ಲ. ಬಿಲ ಕಂಡ ಮೇಲೆ ಅವರು ಪಾವು ಕಟ್ಟುವ ಗೂಟಗಳನ್ನು ಬೇಲಿಯಿಂದ ದೂರಕ್ಕೆ ಕಿತ್ತು ನೆಟ್ಟಿದ್ದರು. ಜಾಗ ಕಡಿಮೆಯಾಗಿ ಪಾವು ಮೊಟಕಾಯಿತು. ಪಾವು ಮೊಟಕಾದರೆ ಮಗ್ಗದ ಮೇಲೆ ಹಳೆಯ ಎಳೆಗಳಿಗೆ ಹೊಸ ಎಳೆಗಳನ್ನು ಹೆಚ್ಚು ಸಲ ಗಂಟು ಹಾಕಬೇಕು. ನಮ್ಮಮ್ಮನೇ ಅವರೆದುರು, “ಒಂದು ಪ್ರಾಣಿಗೋಸ್ಕರ ಊರಿಗೆಲ್ಲ ಬೆರಳು ನೋವು ತಂದ್ರಿ” ಎಂದು ಗೊಣಗಿದ್ದಳು. ಮಾವ ನಕ್ಕು ಗಂಜಿಯ ಹಂಡೆಯ ಕಡೆ ಹೋಗಿದ್ದರು.

ಆಮೇಲೆ ಜಮೀನು ಅಳೆಯಲು ಜನ ಬಂದರು. ಮನೆ ಸೈಟು ಮಾಡುತ್ತಾರೆ, ಬೇಲಿ ತೆಗೆಯುತ್ತಾರೆ ಎಂದು ಸುದ್ದಿ. ಮಾವ ಬಸ್ಸು ಹತ್ತಿ ಅರಣ್ಯ ಇಲಾಖೆಯ ಗಾರ್ಡೊಬ್ಬರನ್ನು ಹುಡುಕಿಕೊಂಡು ಹೋದರು. ಆತ ಒಳ್ಳೆಯವನಂತೆ, ಕೂರಿಸಿ ಟೀ ತರಿಸಿದನಂತೆ. ಆ ಪ್ರಾಣಿಯನ್ನು ಯಾರಾದರೂ ಹಿಡಿದರೆ, ಕೊಂದರೆ, ಚಿಪ್ಪು ಮಾರಿದರೆ ಹೇಳಿ, ಜೈಲಿಗೆ ಕಳಿಸುತ್ತೇನೆ. ಆದರೆ ಅದು ಕಾಡಲ್ಲ, ಜಮೀನಿನವನು ತನ್ನ ಬೇಲಿ ತಾನು ಕೀಳುತ್ತಾನೆ ಅಂದರೆ ನಾನೇನು ಮಾಡಲಿ, ಅಂದನಂತೆ. ಪ್ರಾಣಿಗೆ ಕಾನೂನಿತ್ತು, ಅದರ ಬಿಲಕ್ಕೆ ಇರಲಿಲ್ಲ.

ಮಾವ ನೇರ ನಮ್ಮ ಮನೆಗೆ ಬಂದರು. ತಮಿಳಿನ ಸಟ್ಟ ಅನ್ನುವ ಮಾತಿಗೆ ಕಾನೂನು ಎಂದೂ ಅರ್ಥ, ಮಗ್ಗದ ಚೌಕಟ್ಟು ಎಂದೂ ಅರ್ಥ. ಅವರಿಗೆ ಎರಡೂ ಒಂದೇ. “ಸಟ್ಟ ಐತೆ, ಆದ್ರೆ ಲೂಸಾಗೈತೆ” ಅಂದರು. “ಮಗ್ಗದ ಸಟ್ಟ ಲೂಸಾದ್ರೆ ನಾವ್ ಆಣಿ ಹೊಡಿಯಲ್ವಾ? ಅದ್ನ ಮಾಡ್ದೋರು ಎಂಎಲ್‌ಎಗ್ಳು ತಾನೆ. ಅವ್ರೇ ಹೊಡೀಲಿ. ಒಂದು ಮನು ಬರಿ ಕಣ್ಣು.” ಮನು ಅಂದರೆ ಅರ್ಜಿ.

ನಾನು ಬರೆದೆ. ಆಗಷ್ಟೇ ಕಂಪನಿಗೆ ಸೇರಿದ್ದೆ, ತಮಿಳಿನಲ್ಲಿ ಚೆನ್ನಾಗಿ ಬರೆಯುತ್ತೇನೆ ಎಂಬ ಜಂಬ ಬೇರೆ. ಅಳಿದುಹೋಗುತ್ತಿರುವ ಪ್ರಾಣಿಗಳು ಕಾಡಿನ ಹೊರಗೂ ಬದುಕಿವೆ, ಅವು ಇರುವ ಜಾಗಕ್ಕೂ ರಕ್ಷಣೆ ಸಿಗುವಂತೆ ಕಾನೂನು ಬಿಗಿ ಮಾಡಿ, ವಿಧಾನಸಭೆಯಲ್ಲಿ ಮಾತಾಡಿ, ಎಂದೆಲ್ಲ ಒಂದು ಪುಟ. ಆದರೆ ಪ್ರಾಣಿಯ ಹೆಸರು? ಮನೆಯಲ್ಲಿ ನಾವು ಅದನ್ನು ಚಿಪ್ಪುಹಂದಿ ಅನ್ನುತ್ತಿದ್ದೆವು. ಶಾಲೆಯಲ್ಲಾಗಲಿ ಬೀದಿಯಲ್ಲಾಗಲಿ ಅದರ ತಮಿಳು ಹೆಸರು ಕೇಳಿದ ನೆನಪಿಲ್ಲ. ಹಂದಿಗೆ ತಮಿಳಿನಲ್ಲಿ ಪನ್ರಿ. ಚಿಪ್ಪನ್ನು ಹಾಗೇ ಇಟ್ಟು, ಹಂದಿಯನ್ನು ಪನ್ರಿ ಮಾಡಿ ಬರೆದೆ. ಎರಡನೆಯ ಸಲದಿಂದ ಚಿಪ್ಪನ್ನೂ ಬಿಟ್ಟು ಬರೀ ಪನ್ರಿ, ಪನ್ರಿ ಎಂದು ಪುಟ ತುಂಬಿಸಿದೆ. ಒಬ್ಬರನ್ನಾದರೂ ಕೇಳಬಹುದಿತ್ತು, ಕೇಳಲಿಲ್ಲ.

ಎಂಎಲ್‌ಎ ಕಲ್ಯಾಣಮಂಟಪವೊಂದರಲ್ಲಿ ಮನು ತೆಗೆದುಕೊಳ್ಳುತ್ತಿದ್ದರು. ನಮ್ಮ ಮುಂದೆ ಒಂದು ಗುಂಪು ರೈತರು. ಕಾಡುಹಂದಿ ನುಗ್ಗಿ ಕಡಲೆಕಾಯಿ ಕಿತ್ತುಹಾಕುತ್ತದೆ, ತೆಂಗಿನ ಸಸಿ ಅಗೆಯುತ್ತದೆ, ಗುಂಡು ಹೊಡೆಯಲು ಅನುಮತಿ ಕೊಡಿ ಎಂದು ಜಗಳವಾಡುತ್ತಿದ್ದರು. ಅವರು ಇನ್ನೂ ಅಲ್ಲೇ ನಿಂತಿರುವಾಗಲೇ ಸಹಾಯಕ ನಮ್ಮ ಕಾಗದ ಬಿಡಿಸಿ ಗಟ್ಟಿಯಾಗಿ ಓದಿದ. ಅಳಿಯುತ್ತಿರುವ ಪನ್ರಿಗಳನ್ನು ಕಾಪಾಡಿ, ಅವುಗಳ ಬಿಲ ಮುಟ್ಟದ ಹಾಗೆ ಕಾನೂನು ಮಾಡಿ…

ಮಂಟಪಕ್ಕೆ ಮಂಟಪವೇ ನಕ್ಕಿತು. “ನಮ್ಮ ತೋಟ್ಟತ್ತುಕ್ಕು ವಾಂಗಮ್ಮಾ, ವೇಣುಂಗಿರ ಮಟ್ಟುಂ ಪುಡಿಚ್ಚಿಟ್ಟು ಪೋಂಗ” ಎಂದ ಒಬ್ಬ. ನಮ್ಮ ತೋಟಕ್ಕೆ ಬನ್ನಿ, ಬೇಕಾದಷ್ಟು ಹಿಡ್ಕೊಂಡು ಹೋಗಿ, ಅಂತ. ಮಾವ ಕೈಯಲ್ಲಿ ಉಂಡೆ ಮಾಡಿ ತೋರಿಸಿದರು, ಬಾಲದ ಮೇಲೆ ಮರಿ ಕೂರುವುದನ್ನು ತೋರಿಸಿದರು, ನಗು ಇನ್ನೂ ಜಾಸ್ತಿಯಾಯಿತು. ಎಂಎಲ್‌ಎ ನಗಲಿಲ್ಲ, ಅದನ್ನು ಹೇಳಬೇಕು. ಬೆಳಗಿನಿಂದ ಕೂತು ಅವರಿಗೂ ಸಾಕಾಗಿತ್ತು. ನೋಡೋಣ ಅಂದರು. ಕಾಗದ ಮೇಜಿನ ಪಕ್ಕದ ರಾಶಿಗೆ ಸೇರಿತು.

ಹೊರಗೆ ಟೀ ಅಂಗಡಿಯವನು ವಿಷಯ ಕೇಳಿ, ಅದು ಎರುಂಬುತಿನ್ನಿ ಅಲ್ಲವೇ ಅಂದ. ಇರುವೆ ತಿನ್ನುವುದು. ಅಷ್ಟೇ ಇತ್ತು ಆ ಹೆಸರು, ಟೀ ಅಂಗಡಿಯಲ್ಲಿ ಸಿಗುವಂಥದ್ದು. ನಾನು ಬಸ್ಸಿನಲ್ಲಿ ಅತ್ತೆ. ಮಾವ ಟವೆಲು ಕೊಟ್ಟರು, “ನಿಂದೇನ್ ತಪ್ಪಿಲ್ಲೆ ಕಣ್ಣು. ನಾವ್ ಮನೇಲಿ ಹಂಗೇ ತಾನೆ ಕೂಗೋದು. ಇನ್ನೊಂದ್ ದಪ ಬರಿ” ಅಂದರು.

ಮರುದಿನವೇ ಆ ಲಕೋಟೆ ತಂದುಕೊಟ್ಟರು. ಕ್ಯಾಲೆಂಡರಿನ ಹಾಳೆ, ಪಾವಿನ ಗಂಜಿ. ಅಂಟು ಇನ್ನೂ ಹಸಿಯಾಗಿತ್ತು. ಈ ವಾರ ಬರೆಯುತ್ತೇನೆ ಅಂದೆ.

ಬರೆಯಲಿಲ್ಲ. ಕಂಪನಿಯಲ್ಲಿ ಆರ್ಡರು ಹೋಗಬೇಕಿತ್ತು, ಓವರ್‌ಟೈಮ್ ಇತ್ತು; ಎಲ್ಲ ನಿಜ. ಅದಕ್ಕಿಂತ ದೊಡ್ಡ ನಿಜ ಅಂದರೆ ಆ ನಗು. ಪೆನ್ನು ಹಿಡಿದರೆ ಕಿವಿಯಲ್ಲಿ ಆ ನಗು ಕೇಳುತ್ತಿತ್ತು. ಮಾವ ದಿನಾ ಬೆಳಗ್ಗೆ ನಾನು ಬಸ್ಸಿಗೆ ಓಡುವಾಗ ಗಂಜಿ ಹಚ್ಚುತ್ತ ತಲೆಯೆತ್ತಿ ನೋಡುತ್ತಿದ್ದರು. ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಬರೆಯುತ್ತಿದ್ದೆನೇನೋ ಎಂದು ಈಗ ಅವರ ಮೇಲೇ ತಪ್ಪು ಹೊರಿಸಲು ನೋಡುತ್ತೇನೆ, ನೋಡಿ ನನ್ನ ಬುದ್ಧಿಯನ್ನು.

ಮೂರು ತಿಂಗಳಿಗೆ ಜೆಸಿಬಿ ಬಂತು. ಕೆಲಸದಿಂದ ಬರುವಷ್ಟರಲ್ಲಿ ಬೇಲಿ ಇರಲಿಲ್ಲ, ಬಿಳಿ ಬಣ್ಣ ಬಳಿದ ಕಲ್ಲುಗಳಿದ್ದವು. ಬಿಲದ ಬಾಯಿ ಮಣ್ಣಿನಡಿ ಹೋಗಿತ್ತು. ತಾಯಿ, ಮರಿ ಒಳಗಿದ್ದವೋ, ಮೊದಲೇ ಹೊರಟುಹೋಗಿದ್ದವೋ… ಮಾವ ಕೈಯಿಂದಲೇ ಆ ಮಣ್ಣು ಕೆದಕುತ್ತಿದ್ದರು. ನನ್ನನ್ನು ಕಂಡು ಎದ್ದು, ಕೈ ಒರೆಸಿಕೊಂಡು, ಊಟ ಆಯ್ತಾ ಎಂದು ಕೇಳಿದರು. ಆಯ್ತು ಅಂದೆ. ಆಗಿರಲಿಲ್ಲ.

ಅದಾದ ಮೇಲೆ ಎರಡು ವರ್ಷ ಇದ್ದರು. ಗೂಟಗಳನ್ನು ಹಳೆಯ ಜಾಗಕ್ಕೆ ತಂದು ನೆಡಿ ಎಂದು ಬೀದಿಯವರು ಹೇಳಿದರೂ ನೆಡಲಿಲ್ಲ. ಬೆಳಗ್ಗೆ ಒಂದು ಸುತ್ತು ಹೋಗಿ ನೆಲ ನೋಡಿ ಬರುತ್ತಿದ್ದರು, ಹೆಜ್ಜೆ ಇದೆಯೇ ಅಂತ. ಅವರು ಹೋದ ಮೇಲೆ ಬೀದಿಗೆ ಪವರ್‌ಲೂಮ್ ಬಂತು. ಗಂಜಿ ಹಚ್ಚಿದ ಪಾವು ಸುತ್ತಿಕೊಂಡೇ ಬರುತ್ತದೆ, ಈಗ ಬಯಲು ಯಾರಿಗೂ ಬೇಡ.

ನಿನ್ನೆ ಕೂತು ಮನು ಬರೆದೆ. ಈಗಿನ ಎಂಎಲ್‌ಎಗೆ. ಓದುತ್ತಾರೆಂಬ ನಂಬಿಕೆ ನನಗೆ ಅಷ್ಟಿಲ್ಲ, ಸುಸ್ತಾಗಿದೆ, ಆದರೂ ಬರೆದೆ. ಹಿಡಿದವನಿಗೆ ಶಿಕ್ಷೆ ಕೊಟ್ಟರೆ ಸಾಲದು, ಇರುವ ಬೇಲಿಯನ್ನು ಉಳಿಸುವ ಕಾನೂನು ಬೇಕು, ಕಾಡಿನ ಹೊರಗೂ ಬೇಕು. ಎರುಂಬುತಿನ್ನಿ ಎಂದು ಐದು ಸಲ ಬಂದಿದೆ. ಐದೂ ಸಲ ತಿದ್ದಿ ನೋಡಿದ್ದೇನೆ, ಕಾಗುಣಿತ ಸರಿಯಿದೆ. ಆಮೇಲೆ, ಈ ಪ್ರಾಣಿ ನಮ್ಮೂರಿನಲ್ಲಿ ಇರುವ ಜಾಗ ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ಸರಿಯಾದ ಹೆಸರು ನನ್ನ ಹತ್ತಿರ ಇದೆ. ಆ ಬಿಲ ಹೋದ ಮೇಲೆ ಬೇರೆ ಜಾಗ ಯಾರಿಗಾದರೂ ಗೊತ್ತಿದ್ದರೆ ಅದು ಮಾವನಿಗೆ ಮಾತ್ರ.

ಆ ಸಾಲನ್ನು ಖಾಲಿ ಬಿಟ್ಟೆ. ಹುಳ ತಿಂದ ಲಕೋಟೆಯಲ್ಲೇ ಕಾಗದ ಇಟ್ಟೆ. ಕುಕ್ಕರಿನ ಅನ್ನದಲ್ಲಿ ಗಂಜಿ ಬರುವುದಿಲ್ಲ, ಒಂದು ಹಿಡಿ ಅಕ್ಕಿಯನ್ನು ಪಾತ್ರೆಯಲ್ಲಿ ಕುದಿಸಿ, ಬಸಿದು, ಹರಿದ ಅಂಚಿಗೆಲ್ಲ ಬೆರಳಿನಿಂದ ಹಚ್ಚಿದೆ. ಕಿಟಕಿಯ ಹತ್ತಿರ ಬಿಸಿಲಿಗೆ ಇಟ್ಟಿದ್ದೇನೆ. ಇನ್ನೂ ಒಣಗಿಲ್ಲ.