ಅಮ್ಮ ಬಿಗಿ ಮಾಡಿದ ಸ್ಕ್ರೂಗಳು

ನನ್ನ ಪಿಎಚ್‌ಡಿ ಒಂದು ಹಿತ್ತಾಳೆ ಡಬ್ಬಿಯೊಳಗಿತ್ತು. ಊರೂರಿಗೆ ಮೊಬೈಲ್ ಟವರ್ ಏಳುತ್ತಿದ್ದ ಕಾಲ ಅದು. ಗಾಳಿಯಲ್ಲಿ ಬರುವ ನೂರೆಂಟು ರೇಡಿಯೊ ಅಲೆಗಳಲ್ಲಿ ಬೇಕಾದ್ದನ್ನಷ್ಟೇ ಒಳಗೆ ಬಿಟ್ಟು ಉಳಿದವನ್ನು ಬಾಗಿಲಲ್ಲೇ ತಡೆಯುವ ಫಿಲ್ಟರ್ ನನ್ನ ಡಬ್ಬಿ. ಮುಚ್ಚಳದ ಮೇಲೆ ಸಾಲಾಗಿ ಸ್ಕ್ರೂಗಳು. ಅವನ್ನು ತಿರುಗಿಸಿದರೆ ಯಾವ ಅಲೆ ಒಳಗೆ ಬರಬೇಕೆನ್ನುವುದೂ ಬದಲಾಗಬೇಕು. ಸಂಶೋಧನೆಯ ಹೆಚ್ಚುಗಾರಿಕೆಯೇ ಅದು.

ಆದರೆ ನಾನು ತಿರುಗಿಸುತ್ತಲೇ ಇರಲಿಲ್ಲ! ಲ್ಯಾಬಿನಲ್ಲಿ ಒಂದು ದಿನ ಹೇಗೋ ಬೇಕಾದ ಅಲೆ ದಾಟಿ ಬಂದು ಮೀಟರಿನ ಮುಳ್ಳು ಮೇಲೆ ಹೋಗಿತ್ತು; ಅಂದಿನಿಂದ ಸ್ಕ್ರೂ ಮುಟ್ಟಿರಲಿಲ್ಲ. ಅದು ನನ್ನ ವಿದ್ಯೆಯೋ ಬರೀ ಅದೃಷ್ಟವೋ ಎಂಬ ಅನುಮಾನ ಒಳಗೊಳಗೇ ಕೊರೆಯುತ್ತಿತ್ತು. ಥೀಸಿಸ್ ಬರೆಯಲು ಎನ್.ಆರ್. ಪುರದ ಮನೆಗೆ ಬಂದಾಗ ಮೀಟರನ್ನೂ ಅಲೆ ಹೊರಡಿಸುವ ಯಂತ್ರವನ್ನೂ ಬಸ್ಸಿನ ಸೀಟಿನಡಿ ತುರುಕಿ, ಡಬ್ಬಿಯನ್ನು ಮಾತ್ರ ಮಡಿಲಲ್ಲಿಟ್ಟುಕೊಂಡು ತಂದೆ. ಯಾರಾದರೂ ಅದರ ಹತ್ತಿರ ಸುಳಿದರೆ ಸಾಕು, ಹುಲಿಯಾಗುತ್ತಿದ್ದೆ.

ನಮ್ಮ ಗೈಡ್ ಮೊಮ್ಮಗಳ ಅಕ್ಷರಾಭ್ಯಾಸಕ್ಕೆಂದು ಶೃಂಗೇರಿಗೆ ಬಂದವರು ಫೋನು ಮಾಡಿದರು. "ನಾಳೆ ವಾಪಸು ಹೋಗುವಾಗ ನಿಮ್ಮ ಮನೆಗೇ ಬರ್ತೀನಿ. ಫಿಲ್ಟರ್ ಕೆಲಸ ಮಾಡಿದ್ರೆ ಅಲ್ಲೇ ಸಹಿ. ಇಲ್ಲದಿದ್ರೆ ಇನ್ನೊಂದು ವರ್ಷ." ಇನ್ನೊಂದು ವರ್ಷ! ಆ ಡಬ್ಬಿಯ ಮುಖ ಇನ್ನೊಂದು ವಾರ ನೋಡುವ ತಾಳ್ಮೆಯೂ ನನಗಿರಲಿಲ್ಲ.

ಮರುದಿನ "ಕೊಪ್ಪ ಬಿಟ್ವಿ" ಎಂದು ಫೋನು ಬಂತು. ಡಬ್ಬಿ ತರಲು ಕೋಣೆಗೆ ಓಡಿದರೆ ಮೇಜು ಖಾಲಿ. ಮನೆಯೆಲ್ಲ ಹುಡುಕಿದೆ. ನೋಡಿದರೆ ಹಿತ್ತಲಿನ ಕಟ್ಟೆಯ ಮೇಲೆ, ದೀಪದ ಕಂಬ, ಆರತಿ ತಟ್ಟೆಗಳ ಜೊತೆಗೆ ಫಳಫಳ ಹೊಳೆಯುತ್ತ ಬಿಸಿಲು ಕಾಯಿಸುತ್ತಿತ್ತು.

"ದೊಡ್ಡವರು ಬರ್ತಾರೆ, ಹಿತ್ತಾಳೆ ಕಿಲುಬು ಹಿಡಿದಿದ್ರೆ ಎಂತ ಚೆಂದ?" ಎಂದಳು ಅಮ್ಮ. "ಹುಣಸೆಹಣ್ಣು ಹಾಕಿ ತಿಕ್ಕಿದೆ. ಮತ್ತೆ ಮಾರಾಯ್ತಿ, ನೀನು ಎಷ್ಟು ಓದಿದ್ರೆ ಎಂತ, ಸ್ಕ್ರೂ ಎಲ್ಲ ಅರ್ಧಂಬರ್ಧ ಬಿಟ್ಟಿದ್ದೆ. ಚಾಕುವಿನ ತುದಿ ಹಾಕಿ ಎಲ್ಲ ಬಿಗಿ ಮಾಡಿದ್ದೀನಿ ನೋಡು!"

ನಾನು ಕೂಗಾಡಿದ್ದು ಕೇಳಿ ಪಕ್ಕದ ಮನೆಯವರು ಬೇಲಿಗೆ ಬಂದು ನಿಂತರು. "ಉಪಕಾರ ಮಾಡಿದ್ದಕ್ಕೆ ಬೈಗುಳ" ಎಂದು ಅಮ್ಮ ಮುಖ ಊದಿಸಿಕೊಂಡು ಒಳಗೆ ಹೋದಳು. ಅಷ್ಟರಲ್ಲಿ ಕಾರು ಬಂತು.

ಗೈಡ್ ಕಾಫಿ ಕುಡಿದರು. ನಾನು ವೈರು ಸಿಕ್ಕಿಸಿದೆ. ಮುಳ್ಳು ಸತ್ತ ಹಾಗೆ ಮಲಗಿತ್ತು. ಪಿಎಚ್‌ಡಿಗೆ ಎಳ್ಳುನೀರು ಬಿಟ್ಟಂತೆಯೇ ಎಂದುಕೊಂಡೆ, ಅಳು ಬಂತು.

"ಸರ್, ಸರಿ ಇತ್ತು ಇದು. ನಮ್ಮಮ್ಮ ಸ್ಕ್ರೂ ಎಲ್ಲ ಬಿಗಿ ಮಾಡಿಬಿಟ್ರು."

"ಅದಕ್ಕೇನೀಗ?" ಎಂದರು ಅವರು. "ಸ್ಕ್ರೂ ತಿರುಗಿಸಿದ್ರೆ ಟ್ಯೂನ್ ಆಗುತ್ತೆ ಅಂತ ಇಷ್ಟು ದಪ್ಪ ಥೀಸಿಸ್ ಬರೆದಿದ್ದೀಯಲ್ಲಮ್ಮ. ತಿರುಗಿಸು."

ಸ್ಕ್ರೂಡ್ರೈವರ್ ಹಿಡಿದೆ. ಮೊದಲನೆಯದನ್ನು ಸಡಿಲಿಸಿದೆ, ಏನೂ ಇಲ್ಲ. ಎರಡನೆಯದು, ಮತ್ತೆ ಮೊದಲನೆಯದು. "ಇನ್ನೂ ಬಿಗಿ ಬೇಕಿತ್ತಾ?" ಎಂದಳು ಅಮ್ಮ ಅಡುಗೆಮನೆ ಬಾಗಿಲಿಂದ. ನಾನು ದುರುಗುಟ್ಟಿ ನೋಡಿದೆ. ಆಗಲೇ ಮುಳ್ಳು ಮಿಸುಕಿತು. ಯಾವುದನ್ನು ಎಷ್ಟು ತಿರುಗಿಸಬೇಕೆಂದು ಮೆಲ್ಲಗೆ ಕೈಗೆ ತಿಳಿಯತೊಡಗಿತು. ಮುಳ್ಳು ಏರಿತು, ಏರಿ ನಿಂತಿತು. "ಈಗ ಬೇರೆ ಅಲೆಗೆ ತಗೊಂಡು ಹೋಗು" ಎಂದರು ಗೈಡ್. ಅದಕ್ಕೂ ಹೋಯಿತು. ಅಯ್ಯೋ ದೇವರೇ, ಅದೃಷ್ಟ ಅಲ್ಲ, ನನಗೆ ನಿಜವಾಗಿಯೂ ಬರುತ್ತಿತ್ತು!

ಸಹಿ ಹಾಕಿ ಅವರು ಹೊರಟರು. ಕಾರು ತಿರುವು ದಾಟುವುದರೊಳಗೆ ನಾನು ಒಳಗೆ ಬಂದು, ಅಷ್ಟೂ ಸ್ಕ್ರೂಗಳನ್ನು ಕೈಯಾರೆ ಬಿಗಿ ಮಾಡಿ, ಮತ್ತೆ ಮೊದಲಿನಿಂದ ಶುರು ಮಾಡಿದೆ.